ಉದಾರವಾದಿಯೂ ಮಧ್ಯಮಪಂಥಿಯೂ

ನಮ್ಮ ರಾಜಕೀಯ ಚರ್ಚೆಗಳಲ್ಲಿ ಒಂದು ಗೊಂದಲ ಬಹುಕಾಲದಿಂದ ಬೇರೂರಿದೆ. ಎರಡು ಪಕ್ಷಗಳ ಮಾತನ್ನೂ ತಾಳ್ಮೆಯಿಂದ ಕೇಳಿ, ಯಾವ ಕೊನೆಗೂ ಹೋಗಿ ನಿಲ್ಲದೆ, ಧ್ವನಿಯನ್ನೇರಿಸದೆ ಮಾತನಾಡುವವನನ್ನು ನಾವು ಉದಾರವಾದಿಯೆನ್ನುತ್ತೇವೆ. ಮರುಗಳಿಗೆಯಲ್ಲಿ ಅವನನ್ನೇ ಮಧ್ಯಮಪಂಥಿಯೆಂದೂ ಕರೆಯುತ್ತೇವೆ. ಈ ಎರಡು ಹೆಸರುಗಳು ಒಂದೇ ವಸ್ತುವಿಗೆ ಸಲ್ಲುವುವೇ ಎಂಬುದು ಪ್ರಕೃತ ಲೇಖನದ ಪ್ರಶ್ನೆ. ಇದು ಶಬ್ದಾರ್ಥಕ್ಕೆ ಮಾತ್ರ ಸಂಬಂಧಪಟ್ಟುದಾಗಿದ್ದರೆ ನಿಘಂಟುಕಾರರಿಗೆ ಬಿಟ್ಟುಬಿಡಬಹುದಾಗಿತ್ತು. ಆದರೆ ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರ ಮುಂದೆ ಈ ಊರಿನ ಇತಿಹಾಸವೇ ಆ ಪ್ರಶ್ನೆಯನ್ನು ತಂದಿಟ್ಟಿದೆ. ೧೯೩೮ರಿಂದ ೧೯೪೮ರ ವರೆಗಿನ ಹತ್ತು ವರ್ಷಗಳಲ್ಲಿ ಇವೆರಡರ ಅಂತರ ಇಲ್ಲಿ ಕಾಣಿಸಿಕೊಂಡಷ್ಟು ನಿಚ್ಚಳವಾಗಿ ಬೇರೆಲ್ಲಿಯೂ ಕಾಣಿಸಿಕೊಂಡಿತೆಂದು ನನಗೆ ತೋರದು.

ಗೊಂದಲಕ್ಕೆ ಐತಿಹಾಸಿಕ ಕಾರಣವಿಲ್ಲದಿಲ್ಲ. ೧೯೦೭ರಲ್ಲಿ ಸೂರತ್ತಿನ ಅಧಿವೇಶನದಲ್ಲಿ ಕಾಂಗ್ರೆಸ್ಸು ಒಡೆದಾಗ ಗೋಖಲೆಯವರ ಕಡೆಯವರಿಗೆ ಕನ್ನಡದಲ್ಲಿ ‘ಮಂದಗಾಮಿಗಳು’ ಎಂಬ ಹೆಸರು ರೂಢವಾಯಿತು. ಆ ಹೆಸರು ನಡಿಗೆಯ ವೇಗವನ್ನು ಹೇಳುತ್ತದೆಯೇ ಹೊರತು ಹೋಗುವ ಊರನ್ನು ಹೇಳುವುದಿಲ್ಲ. ೧೯೧೮ರಲ್ಲಿ ಆ ಗುಂಪಿನ ಅನೇಕರು ಕಾಂಗ್ರೆಸ್ಸಿನಿಂದ ಹೊರಬಂದು ಲಿಬರಲ್ ಫೆಡರೇಷನ್ನನ್ನು ಕಟ್ಟಿದರು. ಒಂದು ಕಡೆ ಸರ್ಕಾರ, ಮತ್ತೊಂದು ಕಡೆ ಗಾಂಧೀಜಿಯವರ ಚಳುವಳಿ, ನಡುವೆ ಇವರು. ಹೀಗಾಗಿ ‘ಲಿಬರಲ್’ ಎಂದರೆ ನಡುವೆ ನಿಂತವನು ಎಂಬ ಅರ್ಥ ನಮ್ಮ ದೇಶದಲ್ಲಿ ತಾನಾಗಿ ಅಂಟಿಕೊಂಡಿತು. ನಾವು ಕನ್ನಡಕ್ಕೆ ಮಾಡಿಕೊಂಡ ‘ಉದಾರ’ ಶಬ್ದವೂ ಈ ತಪ್ಪು ತಿಳಿವಳಿಕೆಗೆ ನೆರವಾಗಿದೆ. ನಮ್ಮ ಕಾವ್ಯಗಳಲ್ಲಿ ಉದಾರನೆಂದರೆ ಕೊಡುಗೈಯವನು. ಮೇಲಿದ್ದವನು ಕೆಳಗಿದ್ದವನಿಗೆ ಪ್ರಸನ್ನನಾಗಿ ಕೊಡುವುದು ಔದಾರ್ಯ. ಪ್ರಜೆಗೆ ಸಲ್ಲಬೇಕಾದುದು ಹಕ್ಕಿನಿಂದ ಸಲ್ಲತಕ್ಕದ್ದು, ಅರಸನ ಪ್ರಸನ್ನತೆಯಿಂದಲ್ಲ ಎಂದು ಹೇಳಹೊರಟ ತತ್ತ್ವಕ್ಕೆ ಅರಸನ ಗುಣವೊಂದರ ಹೆಸರನ್ನೇ ಇಟ್ಟಂತಾಯಿತು. ಬೇರೆ ಶಬ್ದ ಬಳಕೆಯಲ್ಲಿಲ್ಲವಾದ್ದರಿಂದ ನಾನೂ ಇದನ್ನೇ ಬಳಸುತ್ತಿದ್ದೇನೆ.

ಮಧ್ಯಮಪಂಥಿಯ ಸ್ಥಾನವನ್ನು ನಿರ್ಣಯಿಸುವವರು ಬೇರೆಯವರು. ಎರಡು ತುದಿಗಳನ್ನು ಮೊದಲು ಗುರುತಿಸಿ, ಆಮೇಲೆ ನಡುವನ್ನು ಅಳೆದು, ಅವನು ಅಲ್ಲಿ ನಿಲ್ಲುತ್ತಾನೆ. ತುದಿಗಳಲ್ಲೊಂದು ಸರಿದರೆ ನಡುವೂ ಸರಿಯುತ್ತದೆ. ಅವನು ಕದಲದೆಯೇ ಇದ್ದೇನೆಂದು ಭಾವಿಸಿದ್ದರೂ ನೆಲವೇ ಅವನನ್ನು ಹೊತ್ತುಕೊಂಡು ಹೋಗಿರುತ್ತದೆ. ಉದಾರವಾದಿಗೆ ಕೆಲವು ನಿಶ್ಚಿತ ಅಳತೆಗಳಿವೆ: ಒಬ್ಬೊಬ್ಬ ಮನುಷ್ಯನ ಪ್ರಾಣ, ಮಾತು, ಮತವಿಶ್ವಾಸಗಳು ಉಲ್ಲಂಘಿಸಬಾರದವು, ಆಳುವವನೂ ಶಾಸನಕ್ಕೆ ಒಳಪಟ್ಟವನು, ನನಗೆ ಬೇಕೆಂದು ಕೇಳಿದ ಹಕ್ಕು ನನ್ನ ವಿರೋಧಿಗೂ ಸಲ್ಲತಕ್ಕದ್ದು. ಈ ಅಳತೆಗೋಲನ್ನು ಹಿಡಿದವನು ಒಂದು ಕಾಲದಲ್ಲಿ ನಡುವೆ ಕಂಡಾನು, ಮತ್ತೊಂದು ಕಾಲದಲ್ಲಿ ತೀರ ಅಂಚಿನಲ್ಲಿ ಒಬ್ಬನೇ ಕಂಡಾನು. ಬುದ್ಧನ ಮಧ್ಯಮಮಾರ್ಗವನ್ನು ಇಲ್ಲಿ ಕೆಲವರು ಮಧ್ಯಮಪಂಥಿಯ ಪರವಾಗಿ ಸಾಕ್ಷಿಗೆ ಕರೆಯುವುದುಂಟು. ಅದು ಸಲ್ಲದು, ಭೋಗಕ್ಕೂ ದೇಹದಂಡನೆಗೂ ನಡುವೆ ಸರಾಸರಿ ತೆಗೆದು ಬುದ್ಧನು ಆ ದಾರಿಯನ್ನು ಗೊತ್ತುಮಾಡಲಿಲ್ಲ, ದುಃಖನಿವೃತ್ತಿಯೆಂಬ ಗುರಿಯಿಂದ ಗೊತ್ತುಮಾಡಿದನು. ಸದ್ಗುಣವೆಲ್ಲ ಎರಡು ಅತಿಗಳ ನಡುವೆ ಇದೆಯೆಂದ ಅರಿಸ್ಟಾಟಲನೂ ಕೊಲೆ, ಕಳವುಗಳಂಥವುಗಳಲ್ಲಿ ಮಧ್ಯಮ ಪ್ರಮಾಣವೆಂಬುದೇ ಇಲ್ಲವೆಂದು ಅದೇ ಪ್ರಕರಣದಲ್ಲಿ ಎಚ್ಚರಿಸಿದ್ದಾನೆ. ಮಧ್ಯಮಪಂಥದ ನಮ್ಮ ಮಿತ್ರರು ಈ ಎರಡನೆಯ ಮಾತನ್ನು ಅಷ್ಟಾಗಿ ಸ್ಮರಿಸುವುದಿಲ್ಲ.

ಭಾರತದ ಉದಾರವಾದಿಗಳಲ್ಲಿಯೇ ಸರ್ ಸಿ. ಶಂಕರನ್ ನಾಯರ್ ಅವರನ್ನು ನೋಡಬಹುದು. ೧೮೯೭ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು. ವೈಸರಾಯರ ಕಾರ್ಯಕಾರಿ ಸಭೆಯ ಸದಸ್ಯರಾಗಿದ್ದವರು. ೧೯೧೯ರಲ್ಲಿ ಪಂಜಾಬಿನ ದಾರುಣಗಳ ಕಾರಣ ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟವರು. ಹಾಗಿದ್ದರೆ ಅವರು ಗಾಂಧೀಜಿಯವರ ಕಡೆಗೆ ಬಂದಿರಬೇಕಲ್ಲವೆ? ೧೯೨೨ರಲ್ಲಿ ಗಾಂಧೀಜಿಯವರ ಚಳುವಳಿಯನ್ನು ಕಟುವಾಗಿ ಖಂಡಿಸಿ ಪುಸ್ತಕ ಬರೆದರು. ಅದೇ ಪುಸ್ತಕದಲ್ಲಿ ಪಂಜಾಬಿನ ಮಾಜಿ ಗವರ್ನರ್ ಓಡ್ವಯರನ ಮೇಲೆ ಮಾಡಿದ ಆರೋಪಕ್ಕಾಗಿ ಲಂಡನ್ನಿನ ನ್ಯಾಯಾಲಯದಲ್ಲಿ ಮಾನನಷ್ಟದ ದಾವೆಯನ್ನು ಎದುರಿಸಿ ೧೯೨೪ರಲ್ಲಿ ಸೋತರು. ಜ್ಯೂರಿಯ ಹನ್ನೆರಡು ಮಂದಿಯಲ್ಲಿ ಅವರ ಪರವಾಗಿ ಭಿನ್ನಮತವಿತ್ತವನು ಹೆರಾಲ್ಡ್ ಲಾಸ್ಕಿ ಒಬ್ಬನೇ. ಕ್ಷಮಾಪಣೆ ಕೇಳಿ ಪಾರಾಗುವ ದಾರಿಯಿದ್ದರೂ ಅವರು ಕೇಳಲಿಲ್ಲ. ಗಾಂಧೀಜಿಯವರ ವಿಷಯದಲ್ಲಿ ಅವರ ತೀರ್ಪು ಸರಿಯಿತ್ತೆಂದು ನಾನು ಒಪ್ಪುವುದಿಲ್ಲ. ಆದರೆ ಈ ಮನುಷ್ಯನನ್ನು ‘ನಡುವೆ ನಿಂತವನು’ ಎಂದು ವರ್ಣಿಸುವುದು ಹೇಗೆ? ಲಿಬರಲ್ ನಾಯಕರಾಗಿದ್ದ ತೇಜ್ ಬಹಾದುರ್ ಸಪ್ರು ಅವರು ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ೧೯೪೫ರಲ್ಲಿ, ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ಪರವಾದ ರಕ್ಷಣಾ ಸಮಿತಿಯಲ್ಲಿ ಸೇರಿದುದನ್ನೂ ಇದರೊಂದಿಗೆ ಸೇರಿಸಿ ಯೋಚಿಸಬೇಕು. ಶಸ್ತ್ರಮಾರ್ಗವನ್ನು ಜೀವಮಾನವೆಲ್ಲ ಒಪ್ಪದಿದ್ದವರು ಅವರು.

ಹಾಗೆಂದು ಮಧ್ಯಮಪಂಥವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದರ ಒಳ್ಳೆಯ ಫಲವನ್ನು ಮೈಸೂರಿನವರು ಕಂಡಿದ್ದಾರೆ. ೧೯೩೮ರ ಏಪ್ರಿಲ್ಲಿನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹವಾಗಿ, ವಿದುರಾಶ್ವತ್ಥದಲ್ಲಿ ಗೋಲಿಬಾರಿನಿಂದ ಪ್ರಾಣಹಾನಿಯಾಗಿ, ಸಂಸ್ಥಾನವೆಲ್ಲ ಕುದಿಯುತ್ತಿದ್ದಾಗ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಸರ್ದಾರ್ ಪಟೇಲರೊಡನೆಯೂ ಆಚಾರ್ಯ ಕೃಪಲಾನಿಯವರೊಡನೆಯೂ ಕುಳಿತು ಒಪ್ಪಂದಕ್ಕೆ ಬಂದರು. ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವೂ ಹಾರಬಹುದೆಂದಾಯಿತು. ಎರಡು ಬಾವುಟಗಳನ್ನು ಒಂದೇ ಅಂಗಳದಲ್ಲಿ ಏರಿಸಲು ಸಾಧ್ಯವಿದ್ದಾಗ ನಡುದಾರಿಯನ್ನು ಹಿಡಿದವನೇ ಬುದ್ಧಿವಂತನು.

ಅದೇ ಮಿರ್ಜಾ ಅವರು ೧೯೪೬ರ ಆಗಸ್ಟಿನಲ್ಲಿ ನಿಜಾಮರ ಕಾರ್ಯಕಾರಿ ಸಭೆಯ ಅಧ್ಯಕ್ಷರಾಗಿ ಇಲ್ಲಿಗೆ ಬಂದರು. ಮೈಸೂರಿನಲ್ಲಿ ಫಲಿಸಿದ ಕೌಶಲ ಇಲ್ಲಿ ಹತ್ತು ತಿಂಗಳೂ ನಡೆಯಲಿಲ್ಲ. ಏಕೆ ನಡೆಯಲಿಲ್ಲವೆಂಬುದನ್ನು ತಿಳಿಯಬೇಕಾದರೆ ಇಲ್ಲಿನ ರಾಜಕೀಯ ಸುಧಾರಣೆಗಳ ಒಳರಚನೆಯನ್ನು ನೋಡಬೇಕು. ಸಭೆ ಸೇರಬೇಕಾದರೂ ‘ಗಷ್ತಿ ನಿಶಾನ್ ೫೩’ರ ಪ್ರಕಾರ ಮುಂಚಿತವಾಗಿ ಅಪ್ಪಣೆ ಪಡೆಯಬೇಕಾಗಿದ್ದ ಸಂಸ್ಥಾನವಿದು. ೧೯೩೮ರ ಸೆಪ್ಟೆಂಬರಿನಲ್ಲಿ ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮೊದಲೇ ನಿಷಿದ್ಧವಾಯಿತು. ಆ ನಿಷೇಧ ತೆರವಾದುದು ೧೯೪೬ರಲ್ಲಿ. ಈ ನಡುವೆ ಅರವಮುದು ಅಯ್ಯಂಗಾರರ ಸಮಿತಿಯ ವರದಿಯನ್ನು ಆಧರಿಸಿ ೧೯೩೯ರಲ್ಲಿ ಸುಧಾರಣೆಗಳು ಘೋಷಿತವಾದುವು. ಶಾಸನಸಭೆಯಲ್ಲಿ ಹಿಂದೂಗಳಿಗೂ ಮುಸಲ್ಮಾನರಿಗೂ ಸಮಸಂಖ್ಯೆಯ ಸ್ಥಾನಗಳೆಂಬುದು ಆ ಯೋಜನೆಯ ಆಧಾರಸ್ತಂಭ. ಮುಸಲ್ಮಾನರು ಸಂಸ್ಥಾನದ ಜನಸಂಖ್ಯೆಯ ಎಂಟನೆಯ ಒಂದು ಭಾಗದಷ್ಟಿದ್ದರು.

ಈ ಸಮಸಂಖ್ಯೆ ಮಧ್ಯಮಪಂಥದ ಶುದ್ಧ ನಿದರ್ಶನವಾಗಿದೆ. ಬಹುಸಂಖ್ಯಾತರು ಜವಾಬ್ದಾರಿ ಸರ್ಕಾರ ಬೇಕೆನ್ನುತ್ತಾರೆ. ಆಳುವ ವರ್ಗ ತನ್ನ ಪ್ರಾಧಾನ್ಯ ಉಳಿಯಬೇಕೆನ್ನುತ್ತದೆ. ಹಾಗಾದರೆ ಅರ್ಧ ಅವರಿಗೆ, ಅರ್ಧ ಇವರಿಗೆ. ಕೇಳುವುದಕ್ಕೆ ಎಷ್ಟು ನ್ಯಾಯವಾಗಿದೆ! ಉದಾರವಾದಿಯು ಈ ಲೆಕ್ಕವನ್ನೇ ಒಪ್ಪುವುದಿಲ್ಲ. ಅವನು ಹಿಂದೂಗಳಿಗೆಷ್ಟು, ಮುಸಲ್ಮಾನರಿಗೆಷ್ಟು ಎಂದು ಪಾಲು ಹಂಚುವುದಕ್ಕೆ ಕೂತವನಲ್ಲ. ರಾಯಚೂರಿನ ರೈತನಿಗೂ ಚಾರ್‌ಮಿನಾರಿನ ಅಂಗಡಿಯವನಿಗೂ ಒಂದೊಂದು ಮತ. ಬಹುಮತವು ನಾಳೆ ದುರ್ಬಲರ ಧರ್ಮ, ಭಾಷೆ, ಜೀವನೋಪಾಯಗಳ ಮೇಲೆ ಕೈ ಹಾಕದಂತೆ ಶಾಸನದ ಕಟ್ಟು. ಇವೆರಡನ್ನೂ ಅವನು ಒಟ್ಟಿಗೆ ಕೇಳುತ್ತಾನೆ. ಮುಸಲ್ಮಾನರ ಭಯ ಸುಳ್ಳಾಗಿರಲಿಲ್ಲ ಎಂಬುದನ್ನು ಮುಂದಿನ ಘಟನೆಗಳು ತೋರಿಸಿದುವು. ಆದರೆ ಆ ಭಯಕ್ಕೆ ಔಷಧವಾಗಿ ಕೊಟ್ಟ ಸಮಸಂಖ್ಯೆ ಒಬ್ಬನ ಮತವನ್ನು ಮತ್ತೊಬ್ಬನ ಮತಕ್ಕಿಂತ ಹಲವು ಪಾಲು ಭಾರವಾಗಿಸಿ ರೋಗವನ್ನೇ ಬೆಳೆಸಿತು.

ಮಿರ್ಜಾ ಅವರು ಭಾರತದೊಡನೆ ಸೌಹಾರ್ದದ ಒಪ್ಪಂದವನ್ನು ಬಯಸಿದರು. ಇತ್ತೆಹಾದಿನವರು ಅವರನ್ನು ಶತ್ರುವೆಂದೇ ಎಣಿಸಿದರು. ೧೯೪೭ರ ಮೇ ತಿಂಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ಜೂನಿನಲ್ಲಿ ನಿಜಾಮರ ಸ್ವತಂತ್ರ ಹೈದರಾಬಾದಿನ ಫರ್ಮಾನು ಹೊರಟಿತು. ಅವರ ಸ್ಥಾನಕ್ಕೆ ಬಂದ ಛತಾರಿ ನವಾಬರೂ ದೆಹಲಿಗೆ ಹೊರಡಬೇಕಾಗಿದ್ದ ಅಕ್ಟೋಬರ್ ೨೭ರ ಮುಂಜಾನೆ ಮನೆಗೆ ಮುತ್ತಿಗೆ ಬಿದ್ದು, ಅಧಿಕಾರ ಬಿಟ್ಟು ಹೋದರು. ನವೆಂಬರ್ ೨೯ರಂದು ಯಥಾಸ್ಥಿತಿಯ ಒಪ್ಪಂದಕ್ಕೆ ಸಹಿ ಬಿತ್ತು. ಯಥಾಸ್ಥಿತಿ! ಮಧ್ಯಮಪಂಥಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ಹುಡುಕುವುದು ಕಷ್ಟ. ವಿಲೀನಕ್ಕೂ ಸ್ವಾತಂತ್ರ್ಯಕ್ಕೂ ನಡುವೆ ಒಂದು ವರ್ಷದ ಬಿಡುವು. ಆ ಒಂದು ವರ್ಷದಲ್ಲಿ ಹಳ್ಳಿಗಳ ಸ್ಥಿತಿ ಮಾತ್ರ ಯಥಾ ಉಳಿಯಲಿಲ್ಲ. ೧೯೪೮ರ ಮೇ ತಿಂಗಳಲ್ಲಿ, ಇಂದಿನ ಬಸವಕಲ್ಯಾಣ ತಾಲೂಕಿಗೆ ಸೇರಿದ ಗೋರಟಾ ಗ್ರಾಮದಲ್ಲಿ, ರಜಾಕಾರರ ಕೈಯಲ್ಲಿ ಮಡಿದವರು ಇನ್ನೂರರಷ್ಟೆಂದು ಹೇಳುತ್ತಾರೆ.

ಆ ವರ್ಷದಲ್ಲಿ ಈ ನಗರದಲ್ಲಿ ಉದಾರವಾದಿಯನ್ನು ಎಲ್ಲಿ ಹುಡುಕಬೇಕು? ನನ್ನ ದೃಷ್ಟಿ ಶೋಯೆಬುಲ್ಲಾ ಖಾನರ ಮೇಲೆ ಬೀಳುತ್ತದೆ. ಮಂದುಮುಲ ನರಸಿಂಗರಾಯರ ‘ರಯ್ಯತ್’ ಪತ್ರಿಕೆಯಲ್ಲಿ ಪಳಗಿದವರು. ಅದು ನಿಂತ ಮೇಲೆ ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆಯ ಸಂಪಾದಕರಾದವರು. ಹೈದರಾಬಾದು ಭಾರತವನ್ನು ಸೇರಬೇಕು, ಜವಾಬ್ದಾರಿ ಸರ್ಕಾರ ಬರಬೇಕು ಎಂದು ಉರ್ದುವಿನಲ್ಲಿ, ಉರ್ದು ಓದುವವರಿಗೆ, ರಜಾಕಾರರ ಕಣ್ಣೆದುರಿಗೇ ಬರೆದರು. ವಿಲೀನವನ್ನು ಬಯಸಿದ ಏಳು ಮಂದಿ ಮುಸಲ್ಮಾನ ಗಣ್ಯರ ಹೇಳಿಕೆಯನ್ನು ಪ್ರಕಟಿಸಿದರು. ೧೯೪೮ರ ಆಗಸ್ಟ್ ೨೧ರ ರಾತ್ರಿ ಕಳೆದು ೨೨ ಕಾಲಿಡುವ ಹೊತ್ತಿಗೆ, ಕಚೇರಿಯಿಂದ ಮನೆಗೆ ಹಿಂದಿರುಗುತ್ತಿದ್ದಾಗ, ನಾವು ದಿನವೂ ಓಡಾಡುವ ಕಾಚಿಗುಡದಲ್ಲಿ ಅವರನ್ನು ಕೊಂದರು. ಬರೆದ ಕೈಯನ್ನು ಕಡಿದರು. ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. ತಮ್ಮ ಸಮಾಜದ ಕಡೆಯಿಂದ ನೋಡಿದರೆ ಅವರು ತೀರ ಒಂದು ಅಂಚಿನಲ್ಲಿದ್ದರು. ಆ ಅಂಚಿನಿಂದ ಒಂದಿಷ್ಟು ನಡುವಿಗೆ ಸರಿದು ‘ಇನ್ನೂ ಒಂದು ವರ್ಷ ನೋಡೋಣ’ ಎಂದಿದ್ದರೆ ಬದುಕುತ್ತಿದ್ದರೇನೋ.

ಇಷ್ಟರ ಮಟ್ಟಿಗೆ ಬಹುಮಂದಿ ಕನ್ನಡ ಓದುಗರು ನನ್ನೊಡನೆ ಇದ್ದಾರು. ಕಠಿನವಾದ ಪರೀಕ್ಷೆ ಮುಂದಿನದು. ಸೆಪ್ಟೆಂಬರ್ ೧೩ರಿಂದ ೧೭ರ ವರೆಗೆ ಪೊಲೀಸ್ ಕಾರ್ಯಾಚರಣೆ ನಡೆಯಿತು. ಅದರ ಸಂದರ್ಭದಲ್ಲಿಯೂ ಅನಂತರದಲ್ಲಿಯೂ ಏನಾಯಿತೆಂಬುದನ್ನು ತಿಳಿಯಲು ಪಂಡಿತ ಸುಂದರಲಾಲರೂ ಕಾಜಿ ಅಬ್ದುಲ್ ಗಫಾರರೂ ಭಾರತ ಸರ್ಕಾರದ ಪರವಾಗಿ ಆ ವರ್ಷದ ಕೊನೆಯಲ್ಲಿ ಜಿಲ್ಲೆಗಳನ್ನು ಸುತ್ತಿದರು. ಸತ್ತವರು, ಕನಿಷ್ಠವಾಗಿ ಎಣಿಸಿದರೂ, ೨೭,೦೦೦ದಿಂದ ೪೦,೦೦೦ದ ವರೆಗೆ ಎಂದು ಅವರ ಅಂದಾಜು. ಅತ್ಯಂತ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದವು ಉಸ್ಮಾನಾಬಾದು, ಗುಲ್ಬರ್ಗ, ಬೀದರ, ನಾಂದೇಡ. ಎರಡು ಕನ್ನಡ ಜಿಲ್ಲೆಗಳು. ವರದಿ ದಶಕಗಳ ಕಾಲ ಸರ್ಕಾರದಿಂದ ಪ್ರಕಟವಾಗದೆ ಉಳಿಯಿತು. ವಿಮೋಚನೆಯ ವಿಷಯವಾಗಿ ನಾನು ಕನ್ನಡದಲ್ಲಿ ಓದಿರುವ ನೆನಪಿನ ಬರಹಗಳಲ್ಲಿ ಗೋರಟಾಕ್ಕೆ ಪುಟಗಳಿವೆ. ಈ ಸಾವುಗಳಿಗೆ ಒಂದು ವಾಕ್ಯ ದೊರೆತರೆ ಹೆಚ್ಚು.

ಇಲ್ಲಿ ಮಧ್ಯಮಪಂಥಿಯ ಉತ್ತರ ಸಿದ್ಧವಾಗಿರುತ್ತದೆ: ಎರಡು ಕಡೆಯೂ ತಪ್ಪುಗಳಾದುವು, ಕಾಲ ಕೆಟ್ಟಿತ್ತು, ಕೆದಕುವುದೇಕೆ? ಒಂದು ಸಾವಿನ ರಾಶಿಯಿಂದ ಇನ್ನೊಂದು ರಾಶಿಯನ್ನು ಕಳೆದು ಬಾಕಿ ಸೊನ್ನೆ ಮಾಡುವ ಈ ಲೆಕ್ಕ ಸಮತೂಕದಂತೆ ತೋರುತ್ತದೆ. ಗೋರಟಾದಲ್ಲಿ ಸತ್ತವನ ಮಗನಿಗೂ ಗುಲ್ಬರ್ಗದ ಹಳ್ಳಿಯಲ್ಲಿ ಸತ್ತ ಮುಸಲ್ಮಾನನ ಮಗನಿಗೂ ಅದರಿಂದ ಅನ್ಯಾಯವೇ ಆಗುತ್ತದೆ, ಏಕೆಂದರೆ ಇಬ್ಬರ ತಂದೆಯೂ ಮತ್ತೊಬ್ಬನ ಲೆಕ್ಕಕ್ಕೆ ಜಮೆಯಾಗಿಬಿಡುತ್ತಾನೆ. ಉದಾರವಾದಿ ಎರಡನ್ನೂ ಬೇರೆಬೇರೆಯಾಗಿ ಬರೆದಿಡುತ್ತಾನೆ. ಒಂದೊಂದರಲ್ಲಿಯೂ ಯಾರು ಕೊಂದರು, ಯಾರು ತಡೆಯಬೇಕಾಗಿತ್ತು, ಯಾರು ಸುಮ್ಮನಿದ್ದರು ಎಂದು ಕೇಳುತ್ತಾನೆ. ಆ ವರದಿಯಲ್ಲಿಯೇ ಒಂದು ಸಂಗತಿಯಿದೆ: ಕೆಲವು ಕಡೆ ಹಿಂದೂ ನೇಕಾರರು ತಮ್ಮ ಕಸುಬಿನವರೇ ಆದ ಮುಸಲ್ಮಾನ ನೇಕಾರರನ್ನು ಹಿಂದೂಗಳಿಂದ ರಕ್ಷಿಸಲು ಹೋಗಿ ತಾವೇ ಪ್ರಾಣ ತೆತ್ತರು. ಮಗ್ಗದ ಮುಂದೆ ಕೂತ ಆ ಜನ ಮಿಲ್ಲನ ಗ್ರಂಥವನ್ನು ಓದಿರಲಿಲ್ಲವೆಂದು ಹೇಳಬೇಕಾಗಿಲ್ಲ. ನನಗೆ ಅವರು ಸಪ್ರು ಅವರ ಪಂಕ್ತಿಯವರೇ.

ಉದಾರವಾದದ ದೌರ್ಬಲ್ಯವನ್ನೂ ಮರೆಮಾಡಬಾರದು. ಲಿಬರಲ್ ಫೆಡರೇಷನ್ನಿನ ಹಿಂದೆ ನಾಯಕರಿದ್ದರು, ಜನರಿರಲಿಲ್ಲ. ಕನ್ನಡದಲ್ಲಿ ಗೋಖಲೆಯವರ ಚರಿತ್ರೆಯನ್ನು ಬರೆದು, ೧೯೪೫ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ ಡಿ.ವಿ.ಜಿ. ಅವರು ಪ್ರಜೆಗೆ ರಾಜ್ಯಶಾಸ್ತ್ರದ ಶಿಕ್ಷಣ ಕೊಡುವುದಕ್ಕೆ ಒಂದು ಆಯುಷ್ಯವನ್ನೇ ವ್ಯಯಿಸಿದರು. ಯಾವ ಪಕ್ಷದ ಆಳೂ ಆಗಲಿಲ್ಲ. ಆ ಕೆಲಸದ ಬೆಲೆ ದೊಡ್ಡದು. ಆದರೆ ತಿಳಿವಳಿಕೆ ಬಂದರೆ ನ್ಯಾಯವೂ ಹಿಂದೆಯೇ ಬರುವುದೆಂಬ ಅವರ ನಂಬಿಕೆಗೆ ೧೯೪೮ರ ಗುಲ್ಬರ್ಗ ಉತ್ತರ ಕೊಡುವುದು ಕಷ್ಟ. ಸಮನ್ವಯವನ್ನು ಅವರು ಅಷ್ಟು ಎತ್ತರದಲ್ಲಿ ಇರಿಸಿದುದರಿಂದ, ಅವರ ಓದುಗರಲ್ಲಿ ಹಲವರು ಸಮನ್ವಯವನ್ನೇ ಉದಾರತೆಯೆಂದು ತಿಳಿದುಕೊಂಡರೆಂದೂ ನನಗೆ ಅನುಮಾನವಿದೆ. ಮತ್ತೊಂದು ಕಡೆ, ರಾಜಿಯ ಮನುಷ್ಯರೆಂದು ಎಡದವರಿಂದ ಬೈಸಿಕೊಂಡ ಬೂರ್ಗುಲ ರಾಮಕೃಷ್ಣರಾಯರು ರೆವೆನ್ಯೂ ಮಂತ್ರಿಗಳಾಗಿದ್ದಾಗಲೇ ೧೯೫೦ರ ಗೇಣಿ ಕಾನೂನು ಬಂದಿತು. ಶಾಸನಸಭೆಯಲ್ಲಿ ಮತ ಕೂಡಿಸುವವನು ಮಧ್ಯಮಪಂಥಿಯೇ. ಏನನ್ನು ಕೂಡಿಸಬೇಕೆಂಬುದನ್ನು ಅವನಿಗೆ ಬೇರೆ ಯಾರಾದರೂ ಹೇಳಬೇಕಾಗುತ್ತದೆ.

ಈಗಲೂ ಸೆಪ್ಟೆಂಬರ್ ೧೭ ಬಂದರೆ ಈ ನಗರದಲ್ಲಿ ಹೆಸರಿನ ಜಗಳ. ೨೦೨೨ರಲ್ಲಿ ಕೇಂದ್ರ ಸರ್ಕಾರವು ವಿಮೋಚನಾ ದಿನವನ್ನೂ ರಾಜ್ಯ ಸರ್ಕಾರವು ರಾಷ್ಟ್ರೀಯ ಸಮೈಕ್ಯತಾ ದಿನವನ್ನೂ ಆಚರಿಸಿದುವು. ೨೦೨೪ರಲ್ಲಿ ರಾಜ್ಯದಲ್ಲಿ ಬದಲಾದ ಸರ್ಕಾರ ಅದನ್ನು ಪ್ರಜಾಪಾಲನಾ ದಿನವೆಂದಿತು. ಯಾರಿಗೂ ನೋವಾಗದ ಹೆಸರನ್ನು ಹುಡುಕುವ ಶ್ರಮದಲ್ಲಿ ನೊಂದವರ ಪಟ್ಟಿಯನ್ನು ಪೂರ್ತಿ ಮಾಡುವ ಕೆಲಸ ಹಾಗೆಯೇ ಉಳಿದಿದೆ.

ನಮ್ಮಂಥ ವಲಸೆಯ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ೧೯೫೬ರ ನವೆಂಬರ್ ೧ರಂದು ಸಂಸ್ಥಾನ ಮೂರು ಭಾಗವಾದಾಗ ಬೀದರ, ಗುಲ್ಬರ್ಗ, ರಾಯಚೂರುಗಳ ಕನ್ನಡಿಗರು ಮೈಸೂರು ರಾಜ್ಯದ ಬಹುಸಂಖ್ಯಾತರೊಳಗೆ ಸೇರಿದರು. ಈ ನಗರದಲ್ಲಿ ಉಳಿದವರು ಭಾಷಾ ಅಲ್ಪಸಂಖ್ಯಾತರಾದೆವು. ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿ, ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಇಲ್ಲಿ ಕನ್ನಡ ಶಾಲೆಗಾಗಿ ಅರ್ಜಿ ಬರೆಯುವಾಗ ನಾವು ಆ ವಿಧಿಯನ್ನು ಉದ್ಧರಿಸುತ್ತೇವೆ. ಬೆಳಗಾವಿಯ ಮರಾಠಿ ಶಾಲೆಯ ಮಾತೋ, ಬೀದರದ ಉರ್ದು ಶಾಲೆಯ ಮಾತೋ ಬಂದಾಗ ನಮ್ಮ ಸಭೆಗಳಲ್ಲಿ ಅದೇ ವಿಧಿಯನ್ನು ಎಷ್ಟು ಮಂದಿ ಉದ್ಧರಿಸುತ್ತಾರೆ?