ಮಂಜು ಸರಿದ ಮೇಲಿನ ಮೈಸೂರು

ಡಿಸೆಂಬರ್ ಬಂತೆಂದರೆ ಮೈಸೂರಿನಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಬೆಳಗಿನ ನಡಿಗೆಗೆ ಹೊರಡುವವರು ಹೆಚ್ಚುತ್ತಾರೆ. ಅವರ ಚಿತ್ರಗಳನ್ನು ಪ್ರತಿವರ್ಷ ಆಸೆಯಿಂದ ನೋಡುತ್ತೇನೆ. ಬಹುಪಾಲು ಚಿತ್ರಗಳಲ್ಲಿರುವುದು ಮಂಜಿನಲ್ಲಿ ತೇಲುವ ಗುಮ್ಮಟ, ಖಾಲಿ ರಸ್ತೆ, ಜನರಿಲ್ಲದ ವೃತ್ತ. ನೋಡಲು ಚೆಂದ, ನಿಜ. ಆದರೆ ಗೋಡೆಯ ಬಿರುಕು, ತೂಗಾಡುವ ವೈರು, ಉದುರಿದ ಗಾರೆ ಎಲ್ಲವನ್ನೂ ಮಂಜು ಮುಚ್ಚಿಬಿಡುತ್ತದೆ. ಛಾಯಾಗ್ರಾಹಕ ಅದಕ್ಕೆ ಒಪ್ಪಿಕೊಂಡುಬಿಟ್ಟರೆ ಕಟ್ಟಡವನ್ನು ನೋಡಿದಂತಾಗಲಿಲ್ಲ.

ಮಾಗಿ ಕೊಡುವ ದೊಡ್ಡ ವರ ಮಂಜು ಸರಿದ ಮೇಲಿನ ಓರೆ ಬಿಸಿಲು. ಅರಮನೆಯ ಮುಖ ಪೂರ್ವಕ್ಕೆ. ಈ ತಿಂಗಳುಗಳಲ್ಲಿ ಸೂರ್ಯ ಹುಟ್ಟುವುದು ಪೂರ್ವದಿಂದ ಸಾಕಷ್ಟು ತೆಂಕಣಕ್ಕೆ ಸರಿದು. ಹಾಗಾಗಿ ಬೆಳಕು ಎದುರಿಗೆ ಬಂದು ಅಪ್ಪಳಿಸದೆ ಪಕ್ಕದಿಂದ ಗೋಡೆಯನ್ನು ಸವರಿಕೊಂಡು ಹೋಗುತ್ತದೆ. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು, 1912ರಲ್ಲಿ ಮುಗಿದ ಈ ಕಟ್ಟಡದ ಕಮಾನುಗಳ ಆಳ, ಬೂದು ಕಲ್ಲಿನ ಕೆತ್ತನೆ ಆ ಒಂದೆರಡು ಗಂಟೆ ಎದ್ದು ನಿಲ್ಲುತ್ತವೆ. ಭಾನುವಾರ ಸಂಜೆಯ ದೀಪಾಲಂಕಾರದಲ್ಲಿ ಕಾಣುವುದು ಬರೀ ಅಂಚು. ಕಲ್ಲು ಕತ್ತಲಲ್ಲೇ ಉಳಿಯುತ್ತದೆ. ಆದರೂ ಎಲ್ಲರ ಫೋನಿನಲ್ಲಿರುವುದು ಆ ದೀಪದ ಚಿತ್ರವೇ.

ನನಗೆ ಇನ್ನೂ ಮುಖ್ಯವಾದ ಜಾಗ ದೇವರಾಜ ಮಾರುಕಟ್ಟೆ. ಅವರೆಕಾಯಿಯ ರಾಶಿ, ಸೇವಂತಿಗೆ ಹಾರ, ಸಂಕ್ರಾಂತಿ ಹತ್ತಿರವಾದರೆ ಕಬ್ಬು. ಇವುಗಳ ನಡುವೆ ತೆಗೆದ ಚಿತ್ರಗಳು ಬಣ್ಣದಿಂದ ತುಂಬಿರುತ್ತವೆ. ಒಬ್ಬರೂ ಕತ್ತೆತ್ತಿ ಸೂರು ನೋಡಿದಂತಿಲ್ಲ! ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಉತ್ತರದ ಭಾಗವೂ ಕುಸಿಯಿತು. ಎರಡೂ ಮಳೆಗಾಲದಲ್ಲಿ. ಹಳೆಯ ಗಾರೆ ಕುಡಿದ ನೀರಿನ ಕಲೆ, ಬಿರುಕಿನಲ್ಲಿ ಬೇರೂರಿದ ಅರಳಿ ಸಸಿ, ಸರಿದ ಹೆಂಚು ಸ್ಪಷ್ಟವಾಗಿ ಕಾಣುವುದು ಮಳೆ ನಿಂತ ಮೇಲಿನ ಈ ತಿಂಗಳುಗಳಲ್ಲೇ. ಮುಂದಿನ ಮಳೆಗೆ ಇನ್ನೂ ಸಮಯವಿರುತ್ತದೆ.

ಕೆಲವರು ಒಂದೇ ಕಂಬವನ್ನು, ಒಂದೇ ಮೂಲೆಯನ್ನು ವರ್ಷ ಬಿಟ್ಟು ವರ್ಷ ತೆಗೆಯುತ್ತಾರೆ. ಆ ಚಿತ್ರಗಳಿಗೆ ಮೆಚ್ಚುಗೆ ಕಡಿಮೆ. ಬೆಲೆ ಮಾತ್ರ ಅವಕ್ಕೇ ಹೆಚ್ಚು. ಅಕ್ಕಪಕ್ಕ ಇಟ್ಟು ನೋಡಿದರೆ ಬಿರುಕು ಎಷ್ಟು ಬೆಳೆಯಿತೆಂದು ತಿಳಿಯುತ್ತದೆ. ಕೆಡವಬೇಕೋ ಉಳಿಸಬೇಕೋ ಎಂಬ ವಾದ ಎದ್ದಾಗ ಮುಂದಿಡಲು ಒಂದು ಸಾಕ್ಷ್ಯವಾದರೂ ಇರುತ್ತದೆ.

ಈ ಚಳಿಗಾಲದಲ್ಲಿ ಹೊರಡುವವರಲ್ಲಿ ನನ್ನ ವಿನಂತಿ ಇಷ್ಟು: ಮಂಜಿನ ಚಿತ್ರವನ್ನೂ ತೆಗೆಯಿರಿ, ಆಮೇಲೆ ಬಿಸಿಲೇರುವವರೆಗೆ ಕಾಯಿರಿ. ವ್ಯಾಪಾರಿಗಳನ್ನು ಕೇಳಿ, ಅವರೂ ಚೌಕಟ್ಟಿನಲ್ಲಿರಲಿ. ಚಿತ್ರದ ಜೊತೆ ತಾರೀಖು ಮತ್ತು ನಿಂತ ಜಾಗವನ್ನು ಬರೆದಿಡಿ.