ಕಮಾನಿಗೂ ಒಂದು ಸಾಲು ಇರಲಿ

ಪಿಟೀಲು ಕಛೇರಿಗಳ ಬಗ್ಗೆ ನಾವು ಬರೆಯೋ ವಿಮರ್ಶೆಗಳಲ್ಲಿ ಒಂದು ದೊಡ್ಡ ಲೋಪ ಇದೆ. ನಾನೂ ಅಂಥವು ಬರೆದಿದ್ದೀನಿ, ಹಾಗಾಗಿ ಈ ಬೈಗುಳ ನನಗೂ ಸೇರಿದ್ದೇ. ರಾಗದ ಬಗ್ಗೆ ಎರಡು ಪ್ಯಾರಾ, ಗಮಕದ ಬಗ್ಗೆ ಒಂದು, ಮೃದಂಗದವರಿಗೆ ಅರ್ಧ ಸಾಲು. ಎಲ್ಲಾ ಎಡಗೈ ಪುರಾಣ. ಬಲಗೈಯಲ್ಲಿರೋ ಕಮಾನಿನ ಸುದ್ದಿಯೇ ಇಲ್ಲ.

ಇದು ಹೊಳೆದದ್ದು ಅಪ್ಪನಿಂದ. ಅವರು ಹರಿಹರದಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಿಂದಾಗಿ ಲೇತ್‌ಗೆ ಹೆಸರಾದ ಊರದು. ಅಪ್ಪ ದುಡಿದದ್ದು ಮಾತ್ರ ಸಣ್ಣದೊಂದು ವರ್ಕ್‌ಶಾಪಿನಲ್ಲಿ. ನಾನು ಬಸ್ ಹತ್ತಿ ದಾವಣಗೆರೆಗೆ ಪಾಠಕ್ಕೆ ಹೋಗ್ತಿದ್ದಾಗ ಗುರುಗಳು ಕೊಟ್ಟಿದ್ದ ಹಳೇ ಜರ್ಮನ್ ಕಮಾನು ಮನೆಯಲ್ಲೇ ಉಳಿದಿತ್ತು. ಕಳೆದ ಸಲ ಊರಿಗೆ ಹೋದಾಗ ಅಪ್ಪ ಅದರ ತುದಿಯ ಸ್ಕ್ರೂ ತಿರುವ್ತಾ ಕೂತಿದ್ರು.

"ಒಳಗೊಂದು ಹಿತ್ತಾಳೆ ನಟ್ ಐತೆ ನೋಡು. ತಿರುವಿದಂಗೆ ಈ ಕರಿ ಕಟ್ಟಿಗೆ ಹಿಂದಕ್ಕೆ ಸರಿತೈತೆ, ಕೂದ್ಲು ಬಿಗಿ ಆಗ್ತೈತೆ. ಥ್ರೆಡ್ ಚೆನ್ನಾಗಿ ಹಾಕ್ಯಾನೆ. ಯಾರು ಮಾಡಿದ್ದು?"

ಕೋಲಿನ ಮೇಲೆ 'ಟೂರ್ಟ್' ಅಂತ ಮುದ್ರೆ ಇತ್ತು. ಆದ್ರೆ ಅದು ಉತ್ತರವಲ್ಲ. ಇವತ್ತಿನ ಕಮಾನಿಗೆ ರೂಪ ಕೊಟ್ಟ ಪ್ಯಾರಿಸ್ಸಿನ ಫ್ರಾನ್ಸ್ವಾ ಟೂರ್ಟ್ ತೀರಿಕೊಂಡದ್ದು 1835ರಲ್ಲಿ. ಆಮೇಲೆ ಜರ್ಮನಿಯಲ್ಲಿ ತಯಾರಾದ ಎಷ್ಟೋ ಅಗ್ಗದ ಕಮಾನುಗಳ ಮೇಲೆ ಆತನ ಹೆಸರು ಒತ್ತಿದರು. ಮಾಡಿದವನ ಹೆಸರು ಎಲ್ಲೂ ಇಲ್ಲ.

ಹೆಸರು ಉಳಿಸಿಕೊಂಡವರೂ ಇದ್ದಾರೆ. ಜರ್ಮನಿಯ ಮಾರ್ಕ್‌ನೋಯ್‌ಕಿರ್ಖೆನ್ ಅನ್ನೋ ಪುಟ್ಟ ಊರು ವಾದ್ಯಗಳಿಂದಲೇ ಬದುಕಿದ್ದು. ಅಲ್ಲಿನ ಹೆರ್ಮನ್ ರಿಚರ್ಡ್ ಪ್ಫ್ರೆಟ್ಸ್‌ಶ್ನರ್ ಪ್ಯಾರಿಸ್‌ಗೆ ಹೋಗಿ ವೀಯೋಮ್ ಬಳಿ ಕಲಿತು, ಊರಿಗೆ ಮರಳಿ 1880ರಲ್ಲಿ ಸ್ವಂತ ಕಾರ್ಖಾನೆ ಹಾಕಿದ. ಬ್ರೆಜಿಲ್‌ನ ಪೆರ್ನಾಂಬುಕೋ ಮರವನ್ನು ಕೆತ್ತಿ, ಬಿಸಿ ಮಾಡಿ ಒಳಮುಖವಾಗಿ ಬಗ್ಗಿಸಬೇಕು. ಮುಗಿದಾಗ ತೂಕ ಸುಮಾರು 60 ಗ್ರಾಂ. ಬಗ್ಗಿಸೋದು ಹೆಚ್ಚಾದರೂ ಕಡಿಮೆಯಾದರೂ ಕೋಲು ಮಾತು ಕೇಳಲ್ಲ. ಆ ಮರವೂ ಈಗ ಅಪರೂಪ. 2007ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಇದೆ.

'ಕೇಳೋದು ರಾಗ, ಕಟ್ಟಿಗೆ ಅಲ್ಲ' ಅನ್ನಬಹುದು. ಒಪ್ಪಲ್ಲ. ನಮ್ಮ ಸಂಗೀತದಲ್ಲಿ ಹಾಡಿನ ಹಾಗೆ ನುಡಿಸಬೇಕು ಅಂತೀವಿ. ಹಾಗಾದರೆ ಕಮಾನೇ ಉಸಿರು: ಎಲ್ಲಿ ದಿಕ್ಕು ಬದಲಿಸ್ತೀರೋ ಅಲ್ಲಿ ಸಾಹಿತ್ಯದ ಪದ ಒಡೆಯುತ್ತೆ ಅಥವಾ ಉಳಿಯುತ್ತೆ. ಪಿಟೀಲು ಚೌಡಯ್ಯನವರು ಮೈಕ್ ಇಲ್ಲದ ಸಭೆಯ ಕೊನೇ ಸಾಲಿಗೂ ಕೇಳಲಿ ಅಂತ ತಂತಿಗಳನ್ನು ಏಳಕ್ಕೆ ಏರಿಸಿದ್ದನ್ನು ಎಲ್ಲರೂ ಹೇಳ್ತಾರೆ. ಜೋಡಿ ತಂತಿಗಳನ್ನು ಒಟ್ಟಿಗೇ ಒತ್ತಿ ಮಾತಾಡಿಸಬೇಕಾದ ಕಮಾನಿನ ಬಗ್ಗೆ, ಆ ಬಲಗೈ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲ್ಲ.

ಪ್ರತಿ ಕಮಾನಿಗೂ ಜಾತಕ ಬರೀರಿ ಅಂತಿಲ್ಲ. ನಾದ ಚೆನ್ನಾಗಿತ್ತು ಅಂದಾಗ ಅದು ಎಲ್ಲಿಂದ ಬಂತು ಅಂತ ಒಮ್ಮೆ ಬಲಗೈ ಕಡೆ ನೋಡಿ, ಅಷ್ಟೇ.

ಟೂರ್ಟ್ ಕಥೆ ಹೇಳಿದಾಗ ಅಪ್ಪ ನಕ್ಕರು. "ನಾನು ತಿರುವಿದ ಶಾಫ್ಟ್ ಮೇಲೂ ನನ್ನ ಹೆಸ್ರಿಲ್ಲ ಬಿಡು. ಆದ್ರೆ ಅಳತೆ ತಪ್ಪಿಲ್ಲ." ಅಂದವರೇ ಸ್ಕ್ರೂ ಸಡಿಲ ಮಾಡಿ, ಕಮಾನನ್ನು ಪೆಟ್ಟಿಗೆಯೊಳಗೆ ಇಟ್ಟರು. ಬಿಗಿಯಾಗೇ ಇಟ್ಟರೆ ಕೋಲಿನ ಬಾಗು ಹೋಗುತ್ತೆ ಅನ್ನೋದನ್ನ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.