ಪ್ರಖ್ಯಾತ ನಾಯಕನೂ ಪ್ರೇಕ್ಷಕರ ನಿರಾಶೆಯೂ

ಈ ಪತ್ರಿಕೆಯ ಪುಟಗಳಲ್ಲಿ ಗ್ರಂಥವಿಮರ್ಶೆಗೆ ಸ್ಥಳವುಂಟೇ ಹೊರತು ಚಲಚ್ಚಿತ್ರಗಳ ವಿಚಾರಕ್ಕೆ ಸಾಮಾನ್ಯವಾಗಿ ಸ್ಥಳವಿಲ್ಲ. ಆದರೆ ನಮ್ಮ ಪೂರ್ವಿಕರು ದೃಶ್ಯವನ್ನೂ ಕಾವ್ಯವೆಂದೇ ಎಣಿಸಿದರು. ಇಂದಿನ ಗೃಹಸ್ಥರು ಮಕ್ಕಳೊಡನೆ ಕುಳಿತು ನೋಡುವ ದೃಶ್ಯಕಾವ್ಯವು ಬಹುಮಟ್ಟಿಗೆ ಚಲಚ್ಚಿತ್ರವೇ ಆಗಿರುವಲ್ಲಿ, ಅದರ ಗುಣದೋಷಗಳನ್ನು ವಿಚಾರಿಸುವುದು ಸಾಹಿತ್ಯಸಂಘದ ಪತ್ರಿಕೆಗೆ ಹೊರಗಿನ ಕೆಲಸವಾಗಲಾರದೆಂದು ನಂಬಿ ಈ ಲೇಖನವನ್ನು ವಾಚಕರ ಮುಂದಿಡುತ್ತೇನೆ.

ನಾನು ವಿಚಾರಿಸಬೇಕೆಂದಿರುವುದು 2022ನೆಯ ಇಸವಿ ಜೂನ್ 3ರಂದು ಬಿಡುಗಡೆಯಾದ ‘ಸಮ್ರಾಟ್ ಪೃಥ್ವೀರಾಜ್’ ಎಂಬ ಹಿಂದೀ ಚಿತ್ರವನ್ನು. ಅದಕ್ಕಿಂತ ಹೆಚ್ಚಾಗಿ, ಅದನ್ನು ಕಂಡ ಜನರು ಕೊಟ್ಟ ತೀರ್ಪನ್ನು. ಚಿತ್ರವು ಬಂದು ವರ್ಷಗಳು ಸಂದುವು. ಆಗ ಎದ್ದ ಗದ್ದಲವೂ ಅಡಗಿತು. ಗದ್ದಲದ ನಡುವೆ ಕೇಳಿಸದ ಮಾತುಗಳನ್ನು ಈಗ ಸಮಾಧಾನದಿಂದ ಆಡಬಹುದಾಗಿದೆ.

ಆ ಚಿತ್ರಕ್ಕೆ ಒದಗಿದ್ದ ಅನುಕೂಲಗಳು ಅಲ್ಪವಲ್ಲ. ನಿರ್ಮಿಸಿದವರು ಯಶ್ ರಾಜ್ ಸಂಸ್ಥೆಯವರು, ನಾಯಕನಟರು ಅಕ್ಷಯ್ ಕುಮಾರ್, ನಿರ್ದೇಶಕರು ಡಾ. ಚಂದ್ರಪ್ರಕಾಶ ದ್ವಿವೇದಿಗಳು. ಆಧಾರವು ಚಂದ ಬರದಾಯಿಯ ಹೆಸರಿನಲ್ಲಿ ನಡೆದುಬಂದ ‘ಪೃಥ್ವೀರಾಜ ರಾಸೋ’ ಎಂಬ ಕಾವ್ಯ. ಬಿಡುಗಡೆಗೆ ಕೆಲವೇ ದಿನಗಳ ಮೊದಲು, ಒಂದು ಸಂಘಟನೆಯವರ ಒತ್ತಾಯದಂತೆ, ಬರಿಯ ‘ಪೃಥ್ವೀರಾಜ್’ ಎಂದಿದ್ದ ಹೆಸರಿಗೆ ‘ಸಮ್ರಾಟ್’ ಎಂಬ ಬಿರುದು ಸೇರಿತು. ಉತ್ತರ ಪ್ರದೇಶ, ಮಧ್ಯ ಪ್ರದೇಶಗಳ ಸರ್ಕಾರಗಳು ತೆರಿಗೆಯನ್ನು ಬಿಟ್ಟುಕೊಟ್ಟುವು. ಇಷ್ಟಾದರೂ ಜನ ಬರಲಿಲ್ಲ. ಕೆಲವೆಡೆ ನೋಡುವವರಿಲ್ಲದೆ ಆಟಗಳೇ ನಿಂತುವೆಂದು ವೃತ್ತಪತ್ರಿಕೆಗಳು ವರದಿಮಾಡಿದುವು. ಹಾಕಿದ ಹಣ ಹಿಂದಿರುಗಲಿಲ್ಲ. ರಾಜಾಜ್ಞೆಯಿಂದ ಸುಂಕವನ್ನು ಬಿಡಿಸಬಹುದು, ರಸವನ್ನು ಹುಟ್ಟಿಸಲಾಗದು.

ನಾನು ಮನೆಯವರೊಡನೆಯೂ, ಆಗ ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗನೊಡನೆಯೂ ಈ ಚಿತ್ರಕ್ಕೆ ಹೋದಾಗ ಒಳಗೆ ಇದ್ದವರು ಇಪ್ಪತ್ತು ಮಂದಿಯಷ್ಟು. ಮೊದಲ ದೃಶ್ಯದಲ್ಲಿ ಕಣ್ಣು ಕಳೆದುಕೊಂಡ ವೀರನು ಸಿಂಹಗಳನ್ನು ಎದುರಿಸಿ ನಿಂತಾಗ ಎಲ್ಲರೂ ಉಸಿರು ಬಿಗಿಹಿಡಿದರು. ಬಳಿಕ ಆ ಬಿಗಿ ಸಡಲುತ್ತ ಹೋಯಿತು. ನಾಯಕನ ಮೀಸೆಯನ್ನು ಕುರಿತು ಹಿಂದಿನ ಸಾಲಿನ ತರುಣರು ನಕ್ಕರು. ಕಡೆಯಲ್ಲಿ, ಕುರುಡನಾದ ಅರಸನು ಶಬ್ದವನ್ನೇ ಗುರಿಯಾಗಿಸಿ ಬಿಟ್ಟ ಬಾಣದಿಂದ ಘೋರಿಯು ಉರುಳಿದಾಗ ಒಬ್ಬರ ಕೈಯೂ ಚಪ್ಪಾಳೆಗೆ ಏಳಲಿಲ್ಲ. ಒಬ್ಬರ ಕಣ್ಣೂ ಒದ್ದೆಯಾಗಲಿಲ್ಲ. ಹೊರಗೆ ಮಳೆ ಬರುತ್ತಿದ್ದುದರಿಂದ ಜನರು ಕೊಡೆಗಳನ್ನು ತಡಕುತ್ತ ಎದ್ದರು. ಕೋಪಗೊಂಡ ಪ್ರೇಕ್ಷಕನಲ್ಲಿ ಇನ್ನೂ ಆಸೆ ಉಳಿದಿರುತ್ತದೆ. ಕೊಡೆಯನ್ನು ಹುಡುಕುವ ಪ್ರೇಕ್ಷಕನಲ್ಲಿ ಅದೂ ಉಳಿದಿರುವುದಿಲ್ಲ.

ಜನರು ಈ ನಿರಾಶೆಗೆ ಕೊಟ್ಟ ಕಾರಣಗಳು ಮುಖ್ಯವಾಗಿ ಮೂರು. ಒಂದು, ನಾಯಕನಟರ ವಯಸ್ಸು ಮತ್ತು ವೇಷ. ಎರಡು, ಕಥೆಯು ಚರಿತ್ರೆಗೆ ವಿರುದ್ಧವೆಂಬುದು. ಮೂರು, ಇಂದಿನ ಕಾಲದವರಿಗೆ ಇಂಥ ಹಳೆಯ ಕಥೆಗಳು ರುಚಿಸವೆಂಬುದು. ಪ್ರೇಕ್ಷಕರ ತೀರ್ಪು ನ್ಯಾಯವಾದುದೆಂದೇ ನನ್ನ ಮತ. ಆದರೆ ಅದಕ್ಕೆ ಅವರು ಹೇಳಿದ ಕಾರಣಗಳು ಪರೀಕ್ಷೆಗೆ ನಿಲ್ಲುವುದಿಲ್ಲ. ನೋವಿರುವುದನ್ನು ರೋಗಿಯು ತಪ್ಪದೆ ಹೇಳಬಲ್ಲನು. ರೋಗದ ನಿದಾನವನ್ನು ಹೇಳುವುದು ಅವನ ಕೆಲಸವಲ್ಲ.

ಮೊದಲು ವಯಸ್ಸಿನ ಮಾತು. ಪೃಥ್ವೀರಾಜನು 1192ರಲ್ಲಿ ಗತಿಸಿದಾಗ ಇಪ್ಪತ್ತಾರು ವರ್ಷದ ಆಸುಪಾಸಿನವನೆಂದು ಪಂಡಿತರ ಎಣಿಕೆ, ನಟರಿಗೆ ಐವತ್ತನಾಲ್ಕು. ಅಂತರವು ದೊಡ್ಡದೇ ಸರಿ. ಆದರೆ ನಮ್ಮ ನಾಡಿನಲ್ಲಿಯೇ 1975ರಲ್ಲಿ ದೇವುಡು ಅವರ ಕಾದಂಬರಿಯನ್ನು ಆಧರಿಸಿ ‘ಮಯೂರ’ ಚಿತ್ರವು ಬಂದಾಗ, ಅದರಲ್ಲಿ ತರುಣ ಮಯೂರನಾಗಿ ನಿಂತ ರಾಜಕುಮಾರರಿಗೆ ನಲವತ್ತಾರು ವರ್ಷ. ಆ ಚಿತ್ರವನ್ನು ನೋಡಿದ ಯಾರೂ ಅವರ ಜಾತಕವನ್ನು ಕೇಳಲಿಲ್ಲ. ಕಂಚಿಯಲ್ಲಿ ಪೆಟ್ಟುತಿಂದ ಸ್ವಾಭಿಮಾನವು ಆ ಕಣ್ಣಿನಲ್ಲಿಯೂ ಕಂಠದಲ್ಲಿಯೂ ಕಾಣುತ್ತಿತ್ತು; ಅದನ್ನು ಕಂಡ ಮೇಲೆ ವರ್ಷಗಳನ್ನು ಎಣಿಸುವವರಾರು? ಭಾವವು ಮೂಡದಿರುವಾಗ ಮಾತ್ರ ಪ್ರೇಕ್ಷಕನ ದೃಷ್ಟಿ ಮೀಸೆಯ ಕಡೆಗೆ ಹೋಗುತ್ತದೆ.

ಎರಡನೆಯದು, ಚರಿತ್ರೆಗೆ ವಿರೋಧವೆಂಬ ಆಕ್ಷೇಪ. ಇದು ನಿಜ. ಘೋರಿಯ ಮಹಮ್ಮದನು ಸತ್ತದ್ದು 1206ರಲ್ಲಿ, ಪೃಥ್ವೀರಾಜನು ಗತಿಸಿ ಹದಿನಾಲ್ಕು ವರ್ಷಗಳಾದ ಮೇಲೆ. ರಾಸೋ ಕಾವ್ಯದ ಇಂದಿನ ರೂಪವಾದರೂ ಆ ಅರಸನ ಕಾಲಕ್ಕೆ ಶತಮಾನಗಳಷ್ಟು ಈಚೆಗೆ ಬೆಳೆದುದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಆದರೆ ಕವಿಗಳು ಇತಿಹಾಸವನ್ನು ಮಾರ್ಪಡಿಸಿದುದು ಇದೇ ಮೊದಲೆ? ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿಲ್ಲದ ದುರ್ವಾಸರ ಶಾಪವನ್ನು ಕಾಳಿದಾಸನು ತಂದನು. ನಮ್ಮ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿ, ಆ ಅರ್ಜುನನಲ್ಲಿ ತನ್ನ ಒಡೆಯನಾದ ಅರಿಕೇಸರಿಯನ್ನು ಕಂಡನು. ಸಾವಿರ ವರ್ಷಗಳಿಂದ ಸಹೃದಯರು ಅದನ್ನು ಓದಿ ತಲೆದೂಗುತ್ತ ಬಂದಿದ್ದಾರೆ. ಅಷ್ಟು ದೂರವೇಕೆ? ಅದೇ 2022ರ ಮಾರ್ಚ್ 25ರಂದು ಬಂದ ರಾಜಮೌಳಿಯವರ ‘ಆರ್‌ಆರ್‌ಆರ್’ ಚಿತ್ರವು ಅಲ್ಲೂರಿ ಸೀತಾರಾಮರಾಜು, ಕೊಮರಂ ಭೀಮ ಎಂಬ ಇಬ್ಬರು ನಿಜವಾದ ವೀರರ ನಡುವೆ ಕಲ್ಪಿತವಾದ ಸ್ನೇಹವೊಂದನ್ನು ಹೆಣೆಯಿತು. ಕಲ್ಪನೆಯೆಂದು ಬಲ್ಲ ಜನರೇ ಅದನ್ನು ಮನಸಾರೆ ಮೆಚ್ಚಿದರು. ಆದುದರಿಂದ ಅಸತ್ಯವೊಂದೇ ನಿರಾಶೆಗೆ ಕಾರಣವೆಂದು ಹೇಳುವಂತಿಲ್ಲ.

ಮೂರನೆಯ ಕಾರಣಕ್ಕೆ ಉತ್ತರವನ್ನು ದ್ವಿವೇದಿಗಳೇ ಹಿಂದೆ ಕೊಟ್ಟಿದ್ದರು. 1991–92ರಲ್ಲಿ ದೂರದರ್ಶನದಲ್ಲಿ 47 ಕಂತುಗಳಾಗಿ ಬಂದ ‘ಚಾಣಕ್ಯ’ ಧಾರಾವಾಹಿಯನ್ನು ವಾಚಕರಲ್ಲಿ ಅನೇಕರು ನೆನೆಯಬಲ್ಲರು. ನಿರ್ದೇಶನವೂ ಅವರದೇ, ಚಾಣಕ್ಯನ ಪಾತ್ರವೂ ಅವರದೇ. ಸಂಸ್ಕೃತಭೂಯಿಷ್ಠವಾದ ಹಿಂದಿ; ದೀರ್ಘವಾದ ಸಂವಾದಗಳು; ಕುಣಿತವಿಲ್ಲ, ಸಿಂಹಗಳಿಲ್ಲ. ಆದರೂ ಹಿಂದಿಯನ್ನು ಅರೆಬರೆ ಬಲ್ಲ ನಮ್ಮೂರಿನ ಮನೆಗಳಲ್ಲಿಯೂ ಜನ ಕದಲದೆ ಕುಳಿತು ನೋಡಿದರು. ಹಳೆಯ ಕಥೆಯು ಜನರಿಗೆ ಬೇಡವಾದುದಾಗಿದ್ದರೆ ಅದು ನಡೆಯುತ್ತಿರಲಿಲ್ಲ. ಅಲ್ಲಿ ಒಬ್ಬ ಮನುಷ್ಯನು ಯೋಚಿಸುವುದನ್ನು ನಾವು ಕಂಡೆವು. ಇಲ್ಲಿ ಒಬ್ಬ ಮನುಷ್ಯನನ್ನು ಹೊಗಳುವುದನ್ನು ಮಾತ್ರ ಕಂಡೆವು.

ಹಾಗಾದರೆ ನಿಜವಾದ ಕಾರಣವಾವುದು? ಅಭಿನವಗುಪ್ತಪಾದರು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ರಸಪ್ರತೀತಿಗೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸಿದ್ದಾರೆ. ಮೊದಲನೆಯದು ಸಂಭಾವನಾವಿರಹ, ಎಂದರೆ, ಹೀಗೂ ನಡೆದೀತೆ ಎಂಬ ಅವಿಶ್ವಾಸ. ಲೋಕೋತ್ತರವಾದ ಕಾರ್ಯಗಳನ್ನು ತೋರಿಸುವಾಗ ರಾಮಾದಿಗಳಂಥ ಪ್ರಖ್ಯಾತರನ್ನು ನಾಯಕರನ್ನಾಗಿ ಆರಿಸಿಕೊಳ್ಳುವುದೇ ಇದಕ್ಕೆ ಪರಿಹಾರವೆಂದು ಅವರು ಹೇಳುತ್ತಾರೆ. ಬಹುಕಾಲದ ಪ್ರಸಿದ್ಧಿಯಿಂದ ಪ್ರೇಕ್ಷಕನ ಹೃದಯದಲ್ಲಿ ವಿಶ್ವಾಸವು ಬೇರೂರಿರುತ್ತದೆ. ಐತಿಹಾಸಿಕ ಚಿತ್ರಗಳನ್ನು ತೆಗೆಯುವವರಿಗೆ ಇದು ಪೂರ್ವಿಕರಿಂದ ಬಂದ ಮೂಲಧನ. ‘ಸಮ್ರಾಟ್ ಪೃಥ್ವೀರಾಜ್’ ಚಿತ್ರದವರು ಮಾಡಿದ ತಪ್ಪೆಂದರೆ, ಮೂಲಧನವನ್ನೇ ಸಂಪಾದನೆಯೆಂದು ಭಾವಿಸಿದುದು. ಪ್ರಖ್ಯಾತಿಯು ಬಾಗಿಲನ್ನು ತೆರೆಯುತ್ತದೆ. ಒಳಗೆ ಮನೆಯನ್ನು ಕಟ್ಟುವುದಿಲ್ಲ.

ಉಳಿದ ವಿಘ್ನಗಳಲ್ಲಿ ಎರಡು ಇಲ್ಲಿಗೆ ಬಹಳ ಸಲ್ಲುತ್ತವೆ. ಒಂದು, ಕಂಡುದನ್ನು ತನ್ನದು, ಪರರದು ಎಂದು ವಿಂಗಡಿಸಿ ದೇಶಕಾಲಗಳಿಗೆ ಕಟ್ಟಿಹಾಕುವುದು. ಇವನು ನಮ್ಮವನು, ಆದುದರಿಂದ ಮೆಚ್ಚತಕ್ಕದ್ದು ಎಂದು ಚಿತ್ರವು ಪದೇಪದೇ ಹೇಳುತ್ತದೆ. ಹಾಗೆ ಹೇಳಿದೊಡನೆಯೇ ಪ್ರೇಕ್ಷಕನು ಸಹೃದಯನ ಪೀಠದಿಂದಿಳಿದು ಪಕ್ಷದವನಾಗಬೇಕಾಗುತ್ತದೆ. ಸಾಧಾರಣೀಕರಣವು ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು, ಪ್ರಧಾನವಾದುದು ಅಪ್ರಧಾನವಾಗುವುದು. ತರಾಯಿನ್‌ನಲ್ಲಿ 1191ರಲ್ಲಿ ಗೆದ್ದ ಅರಸನು ಮರುವರ್ಷವೇ ಅದೇ ನೆಲದಲ್ಲಿ ಸೋತದ್ದೇಕೆ? ಈ ಕಥೆಯ ಕರುಣವೆಲ್ಲ ಅಡಗಿರುವುದು ಆ ಒಂದು ವರ್ಷದಲ್ಲಿ. ಬಿರುದುಗಳಿಗೂ ಹಾಡುಗಳಿಗೂ ಧಾರಾಳವಾಗಿ ಕಾಲವನ್ನಿತ್ತ ಚಿತ್ರವು ಎರಡನೆಯ ಯುದ್ಧವನ್ನು ಅವಸರದಲ್ಲಿ ಮುಗಿಸಿ, ಶತ್ರುವಿನ ಮೋಸವನ್ನು ಹೇಳಿ ಕೈತೊಳೆದುಕೊಳ್ಳುತ್ತದೆ. ತಪ್ಪನ್ನೇ ಮಾಡದ ನಾಯಕನ ಸೋಲಿಗೆ ನಾವು ಮರುಗುವುದಾದರೂ ಹೇಗೆ? ಬರಿಯ ಇತಿವೃತ್ತವನ್ನು ನಿರ್ವಹಿಸಿದ ಮಾತ್ರಕ್ಕೆ ಕವಿಯ ಕಾರ್ಯವು ಮುಗಿಯದು, ಅದು ಇತಿಹಾಸದಿಂದಲೇ ಸಿದ್ಧವಾಗಿದೆಯೆಂದು ಆನಂದವರ್ಧನಾಚಾರ್ಯರು ಎಚ್ಚರಿಸಿದ್ದಾರೆ. ಇಲ್ಲಿ ಇತಿಹಾಸವೂ ಪೂರ್ಣವಾಗಿ ಬರಲಿಲ್ಲ, ಕಾವ್ಯವೂ ಆಗಲಿಲ್ಲ.

ಸಾಮಗ್ರಿಯ ಅಭಾವವಿತ್ತೆಂದು ಹೇಳುವಂತಿಲ್ಲ. 1875ರಲ್ಲಿ ಕಾಶ್ಮೀರಕ್ಕೆ ಹೋಗಿದ್ದ ಬ್ಯೂಲರ್ ಪಂಡಿತರಿಗೆ ಶಾರದಾಲಿಪಿಯ ಭೂರ್ಜಪತ್ರದ ಪ್ರತಿಯೊಂದು ದೊರೆಯಿತು. ಅದು ‘ಪೃಥ್ವೀರಾಜವಿಜಯ’ವೆಂಬ ಸಂಸ್ಕೃತ ಮಹಾಕಾವ್ಯ, ಆ ಅರಸನ ಕಾಲದಲ್ಲಿಯೇ ಹುಟ್ಟಿದುದು, ಜಯಾನಕನೆಂಬ ಕಾಶ್ಮೀರಕವಿಯದೆಂದು ಎಣಿಸಲ್ಪಟ್ಟುದು. ಪ್ರತಿಯು ಅಪೂರ್ಣ. ಅದರಂತೆ ಪೃಥ್ವೀರಾಜನ ತಾಯಿ ಚೇದಿಯ ಕಳಚುರಿವಂಶದ ಕರ್ಪೂರದೇವಿ. ತಂದೆ ಸೋಮೇಶ್ವರನು 1177ರ ಹೊತ್ತಿಗೆ ತೀರಿಕೊಳ್ಳಲು, ಬಾಲಕನಾದ ಮಗನಿಗೆ ಪಟ್ಟಗಟ್ಟಿ, ಕದಂಬವಾಸನೆಂಬ ಮಂತ್ರಿಯೊಡನೆ ರಾಜ್ಯವನ್ನು ನಡೆಸಿದವಳು ಆ ತಾಯಿ. ದೊಡ್ಡಪ್ಪನಾದ ನಾಲ್ಕನೆಯ ವಿಗ್ರಹರಾಜನು ಭಾರವಿಯ ಕಾವ್ಯದ ಜಾಡಿನಲ್ಲಿ ‘ಹರಕೇಲಿ ನಾಟಕ’ವನ್ನು ರಚಿಸಿ ಕಲ್ಲಿನಲ್ಲಿ ಕೆತ್ತಿಸಿದವನು, ಆ ಶಿಲೆಗಳು ಅಜಮೇರಿನಲ್ಲಿ ದೊರೆತಿವೆ. ವಿಧವೆಯಾದ ತಾಯಿ, ಹುಡುಗನಾದ ಅರಸು, ನಾಟಕ ಬರೆದ ದೊಡ್ಡಪ್ಪನ ಕೀರ್ತಿಯ ನೆರಳು: ಇದಕ್ಕಿಂತ ಹೃದಯಸ್ಪರ್ಶಿಯಾದ ಪೂರ್ವಪೀಠಿಕೆ ಯಾವ ಕವಿಗೆ ಬೇಕು?

ಬಿಡುಗಡೆಗೆ ಮುನ್ನ ನಾಯಕನಟರು, ನಮ್ಮ ಪಠ್ಯಪುಸ್ತಕಗಳಲ್ಲಿ ಪೃಥ್ವೀರಾಜನಿಗೆ ಎರಡು ಮೂರು ಸಾಲುಗಳಷ್ಟೇ ಇವೆಯೆಂದು ವಿಷಾದಪಟ್ಟರು. ಆ ಮಾತು ನನ್ನನ್ನು ಚುಚ್ಚಿತು. ಸಂಸ್ಕೃತ ಪಾಠಶಾಲೆಯಿಂದ ಬಂದ ನಾನು ಪ್ರೌಢಶಾಲೆಯಲ್ಲಿ, ಅಧ್ಯಾಪಕರ ಕೊರತೆಯಿದ್ದ ವರ್ಷಗಳಲ್ಲಿ, ಚರಿತ್ರೆಯನ್ನೂ ಹೇಳಿದವನು. 1191ರಲ್ಲಿ ಗೆದ್ದನು, 1192ರಲ್ಲಿ ಸೋತನು: ನಾನು ಹೇಳಿಕೊಟ್ಟುದೂ ಆ ಎರಡು ಸಾಲುಗಳನ್ನೇ. ಉರು ಹೊಡೆಯಿರಿ ಎಂದೆನೇ ಹೊರತು, ಆ ಸೋಲಿನ ಹಿಂದಿನ ರಾತ್ರಿ ಆ ಇಪ್ಪತ್ತಾರರ ತರುಣನಿಗೆ ನಿದ್ದೆ ಬಂದೀತೆ ಎಂದು ಯಾವ ಹುಡುಗನನ್ನೂ ಕೇಳಲಿಲ್ಲ. ಆದುದರಿಂದ ನಟರ ದೂರನ್ನು ನಾನು ತಳ್ಳಿಹಾಕಲಾರೆ. ಆದರೆ ಎರಡೂಕಾಲು ಗಂಟೆಯ ಚಿತ್ರವನ್ನು ನೋಡಿ ಹೊರಬಂದಾಗ ನನಗೆ ತೋರಿದುದಿಷ್ಟು: ಅವರೂ ಆ ಎರಡು ಸಾಲುಗಳಿಗೆ ಒಂದು ಬಿರುದನ್ನು ಸೇರಿಸಿದರೇ ಹೊರತು ಮೂರನೆಯ ಸಾಲನ್ನು ಬರೆಯಲಿಲ್ಲ.

ಮನೆಗೆ ಹಿಂದಿರುಗುವಾಗ ಮೊಮ್ಮಗನು, “ತಾತ, ಘೋರಿ ಸತ್ತದ್ದು ಹಾಗೇನೇ?” ಎಂದು ಕೇಳಿದನು. ಅಲ್ಲವೆಂದು ಇಸವಿಗಳನ್ನು ಹೇಳಿದೆ. “ಮತ್ತೆ ಆ ಕವಿ ಯಾಕೆ ಸುಳ್ಳು ಬರೆದ?” ಎಂದನು. ಸೋತುಹೋದ ಜನರಿಗೆ ಆ ಸೋಲನ್ನು ತಾಳಲಾಗಲಿಲ್ಲ ಮಗು, ತಮಗೆ ತಾವೇ ಹೇಳಿಕೊಂಡ ಸಮಾಧಾನ ಅದು, ಎಂದೆ. ಸ್ವಲ್ಪ ದೂರ ಸುಮ್ಮನೆ ನಡೆದನು. ಬಳಿಕ, “ರಾಜ ಆದಾಗ ಅವನಿಗೆ ಎಷ್ಟು ವಯಸ್ಸು?” ಎಂದು ಕೇಳಿದನು. ಸುಮಾರು ಹನ್ನೊಂದೆಂದೆ. “ನನಗಿಂತ ಚಿಕ್ಕವನಾ!” ಎಂದು ಹುಡುಗನು ದಾರಿಯಲ್ಲಿಯೇ ನಿಂತುಬಿಟ್ಟನು. ಚಿತ್ರಮಂದಿರದಲ್ಲಿ ಕಾಣದಿದ್ದ ವಿಸ್ಮಯವನ್ನು ನಾನು ಆ ಮುಖದಲ್ಲಿ, ಕೊಡೆಯ ಕೆಳಗೆ, ಕಂಡೆನು.

ಜನರು ಈ ಚಿತ್ರವನ್ನು ತೊರೆದುದಕ್ಕೆ ಚರಿತ್ರೆಯಲ್ಲಿ ಅನಾದರವೇ ಕಾರಣವೆಂದು ಹೇಳುವವರುಂಟು. ನಾನು ಹಾಗೆಣಿಸೆನು. ಅವರು ಒಬ್ಬ ಮನುಷ್ಯನನ್ನು ನೋಡಬೇಕೆಂದು ಹೋಗಿ, ಬಿರುದಾವಳಿಯನ್ನು ಕೇಳಿ ಹಿಂದಿರುಗಿದರು. ಅವರ ನಿರಾಶೆಯೇ ಅವರ ಆಸೆಗೆ ಸಾಕ್ಷಿ. ಮುಂದೆ ಪುಲಿಕೇಶಿಯನ್ನೋ ಕೃಷ್ಣರಾಯನನ್ನೋ ತೆರೆಗೆ ತರಬೇಕೆನ್ನುವವರು, ತರಗತಿಯಲ್ಲಿ ಇವರ ಪಾಠವನ್ನು ಹೇಳುವ ಅಧ್ಯಾಪಕರು, ಮನೆಯಲ್ಲಿ ಕಥೆ ಹೇಳುವ ಹಿರಿಯರು, ಎಲ್ಲರೂ ಈ ಸಾಕ್ಷಿಯನ್ನು ಗಮನದಲ್ಲಿಟ್ಟುಕೊಳ್ಳಬೇಕೆಂದು ನನ್ನ ವಿಜ್ಞಾಪನೆ.